ಕಚ್ಚಿದ ಮೇಲೂ ಕೆಲಸ ಮಾಡುವ ಲಸಿಕೆ

ಲಸಿಕೆಯನ್ನು ರೋಗ ತಗಲುವ ಮೊದಲೇ ಹಾಕಿಸಿಕೊಳ್ಳಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮಲ್ಪೆಯ ಬಂದರಿನಲ್ಲಿ ನಾಯಿಯಿಂದ ಕಚ್ಚಿಸಿಕೊಂಡವನು ಆಸ್ಪತ್ರೆಗೆ ಓಡಿದರೆ, ವೈರಸ್ ಆಗಲೇ ಮೈ ಹೊಕ್ಕಿರಬಹುದಾದ ಹೊತ್ತಿನಲ್ಲಿ, ಅವನಿಗೆ ಕೊಡುವುದು ಲಸಿಕೆಯನ್ನೇ. ಇದು ಸಾಧ್ಯವಾಗಿರುವುದು ರೇಬೀಸ್ ವೈರಸ್ಸಿನ ನಿಧಾನಗತಿಯಿಂದ.

ಈ ವೈರಸ್ ರಕ್ತದಲ್ಲಿ ಹರಿದು ಹೋಗುವುದಿಲ್ಲ. ಗಾಯದ ಸ್ನಾಯುವಿನಲ್ಲಿ ಕೆಲಕಾಲ ತಂಗಿ, ನರದ ತುದಿಯನ್ನು ಹೊಕ್ಕು, ನರತಂತುವಿನ ಒಳಗಿನಿಂದಲೇ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸಾಗುತ್ತದೆ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಘಟ್ಟ ಹತ್ತುವ ರೈಲಿನಂತೆ ಅದರದು ತೆವಳು ನಡಿಗೆ. ನರವೆಂಬ ಆ ಸುರಂಗ ಹೊಕ್ಕಿತೆಂದರೆ, ವೈರಸ್ಸನ್ನು ತಡೆಯಲು ಮೈಯೇ ತಯಾರಿಸುವ ಪ್ರತಿಕಾಯಗಳಿಗೆ ಸುಲಭಕ್ಕೆ ಸಿಗದು. ರೋಗಲಕ್ಷಣ ಕಾಣಿಸಲು ಸಾಮಾನ್ಯವಾಗಿ 1ರಿಂದ 3 ತಿಂಗಳು ಹಿಡಿಯುತ್ತದೆ, ಲಸಿಕೆಯಿಂದ ಪ್ರತಿಕಾಯ ಹುಟ್ಟಲು 7ರಿಂದ 14 ದಿನ ಸಾಕು. ಚರ್ಮ ಹರಿದು ರಕ್ತ ಬಂದಿದ್ದರೆ ಆ ಕೆಲವು ದಿನಗಳ ಅಂತರವನ್ನೂ ಬಿಡದೆ, ಸಿದ್ಧ ಪ್ರತಿಕಾಯಗಳಾದ ಇಮ್ಯುನೊಗ್ಲೋಬ್ಯುಲಿನ್ ಅನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಭಯ ಇನ್ನೂ ಹೋಗಿಲ್ಲ. ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ 1885ರ ಜುಲೈ 6ರಂದು, ನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ರೇಬೀಸಿನ ಮೊದಲ ಚುಚ್ಚುಮದ್ದು ಕೊಡಿಸಿದ ಬಳಿಕ, ಹಿಮಾಚಲದ ಕಸೌಲಿಯಲ್ಲಿ ಬ್ರಿಟಿಷ್ ವೈದ್ಯ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆಯ ಕಾಲದ ನೆನಪು ಅದು. ಆ ಲಸಿಕೆ ಎಂದೋ ನಿಂತುಹೋಗಿದೆ. ಈಗಿನದು ಜೀವಕೋಶಗಳಲ್ಲಿ ಬೆಳೆಸಿ ಕೊಂದ ವೈರಸ್. ಸರಕಾರಿ ಆಸ್ಪತ್ರೆಗಳಲ್ಲಿ, ಮೊದಲ ಚುಚ್ಚುಮದ್ದಿನ ದಿನವನ್ನು 0 ಎಂದು ಎಣಿಸಿ, 0, 3, 7 ಮತ್ತು 28ನೇ ದಿನ ಎರಡೂ ತೋಳಿನ ಚರ್ಮದೊಳಗೆ 0.1 ಮಿಲಿಲೀಟರಿನಂತೆ ಕೊಡುತ್ತಾರೆ. ಸೂಜಿ ಸರಿಯಾದ ಪದರಕ್ಕೆ ಹೋದರೆ ಅಲ್ಲಿ ಬಿಳಿಚಿದ ಪುಟ್ಟ ಬೊಕ್ಕೆಯೊಂದು ಏಳುತ್ತದೆ.

ಬಸುರಿಯರು, ಹಾಲೂಡಿಸುವ ತಾಯಂದಿರು, ಹಸುಗೂಸುಗಳು, ಸಕ್ಕರೆ ಕಾಯಿಲೆಯ ಮುದುಕರು, ಯಾರಿಗೂ ಇದು ನಿಷಿದ್ಧವಲ್ಲ, ಏಕೆಂದರೆ ಲಕ್ಷಣ ಕಾಣಿಸಿದ ಮೇಲೆ ರೇಬೀಸಿನಿಂದ ಬದುಕುಳಿಯುವುದು ತೀರಾ ಅಪರೂಪ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಸೇವಿಸುವವರು ಮಾತ್ರ ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಇನ್ನು ನಮ್ಮ ಕರಾವಳಿಯ ದೊಡ್ಡ ಚಿಂತೆ, ಮೀನು ನಂಜಲ್ಲವೇ ಎಂಬುದು! ಬಂಗುಡೆ ತಿಂದರೆ ಲಸಿಕೆಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಮೆತ್ತಿ ಹೊತ್ತು ಕಳೆಯುವುದರಲ್ಲಿ. ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದರೆ ವೈರಸ್ಸಿನ ಕೊಬ್ಬಿನ ಹೊದಿಕೆಯೇ ಒಡೆಯುತ್ತದೆ. ಕಚ್ಚಿದ ನಾಯಿ ಆರೋಗ್ಯವಾಗಿಯೇ ಇದೆಯೇ ಎಂದು 10 ದಿನ ಕಣ್ಣಿಡುವುದು ಸರಿ, ಆದರೆ ಆ ನೆಪದಲ್ಲಿ ಮೊದಲ ಚುಚ್ಚುಮದ್ದನ್ನು ಮುಂದೂಡಬಾರದು.

ಹಿಂದೊಮ್ಮೆ ಲಸಿಕೆ ಪೂರ್ತಿ ಪಡೆದವರಿಗೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನದ ಚುಚ್ಚುಮದ್ದು ಸಾಕು, ಇಮ್ಯುನೊಗ್ಲೋಬ್ಯುಲಿನ್ ಬೇಡ. ಆದ್ದರಿಂದ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.