ಕನ್ನಡ ಕೂಟಕ್ಕೆ ಅನುದಾನ ಬೇಕಾ? ಮೊದಲು ಬಜೆಟ್ ತಿದ್ದಿ

ಅಮೆರಿಕದ ಕನ್ನಡ ಕೂಟದವರು ಕಮ್ಯುನಿಟಿ ಫೌಂಡೇಶನ್‌ಗೆ (ದಾನಿಗಳ ಹಣ ಕೂಡಿಸಿ ಊರಿನ ಕೆಲಸಗಳಿಗೆ ಹಂಚುವ ಸಂಸ್ಥೆ) ಹಾಕುವ ಅನುದಾನದ ಅರ್ಜಿ ತೋರಿಸಿದಾಗ ನಾನು ಮೊದಲು ಕೇಳುವುದು ಒಂದೇ. ಈ ಹಣದಿಂದ ನಿಮ್ಮ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಯಾರಿಗೆ ಏನು ಸಿಗುತ್ತದೆ? ಅರ್ಜಿಯಲ್ಲಿ ಕೂಟ ಶುರುವಾದ ಕಥೆ, ಯುಗಾದಿ, ರಾಜ್ಯೋತ್ಸವ ಎಲ್ಲ ಇರುತ್ತದೆ. ಈ ಉತ್ತರ ಮಾತ್ರ ಇರುವುದಿಲ್ಲ.

ಕಮ್ಯುನಿಟಿ ಫೌಂಡೇಶನ್ ಹುಟ್ಟಿದ್ದೇ ಊರಿಗಾಗಿ. 1914ರಲ್ಲಿ ಕ್ಲೀವ್‌ಲ್ಯಾಂಡ್‌ನ ಬ್ಯಾಂಕರ್ ಫ್ರೆಡರಿಕ್ ಗಾಫ್ ಮೊದಲನೆಯದನ್ನು ಕಟ್ಟಿದರು. ಸತ್ತವರು ಬಿಟ್ಟುಹೋದ ದತ್ತಿ ಹಣ ಹಳೇ ಷರತ್ತುಗಳಲ್ಲಿ ಸಿಕ್ಕಿ ಕೊಳೆಯಬಾರದು, ಆಯಾ ಕಾಲಕ್ಕೆ ಊರಿಗೆ ಏನು ಬೇಕೋ ಅದಕ್ಕೆ ಬಳಕೆಯಾಗಬೇಕು ಅನ್ನುವುದು ಅವರ ಯೋಚನೆ.

ಆದರೆ ಫೌಂಡೇಶನ್‌ನಲ್ಲಿರುವ ಹಣವೆಲ್ಲ ಅರ್ಜಿ ಹಾಕಿದವರಿಗೆ ಸಿಗುವಂಥದ್ದಲ್ಲ. ಎಷ್ಟೋ ಕಡೆ ದೊಡ್ಡ ಪಾಲು ಡೋನರ್ ಅಡ್ವೈಸ್ಡ್ ಫಂಡ್‌ಗಳಲ್ಲಿರುತ್ತದೆ. ಅದು ಯಾರಿಗೆ ಹೋಗಬೇಕೆಂದು ದಾನಿಗಳೇ ಸೂಚಿಸುತ್ತಾರೆ. ನಿಮ್ಮ ಸದಸ್ಯರಲ್ಲೇ ಅಂಥ ಫಂಡ್ ಇಟ್ಟವರು ಇರಬಹುದು, ಕೇಳಿ ನೋಡಿ. ಉಳಿದ ಹಣಕ್ಕೆ ಪೈಪೋಟಿ ಜಾಸ್ತಿ. ಹಾಗಾಗಿ ಬರೆಯುವ ಮುಂಚೆಯೇ ಫೌಂಡೇಶನ್‌ನಲ್ಲಿ ಅರ್ಜಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಫೋನ್ ಮಾಡಿ. ಸಂಕೋಚ ಬೇಡ, ಅದು ಅವರ ಕೆಲಸವೇ.

ಕಾಗದಪತ್ರದಲ್ಲಿ ಸಣ್ಣ ಕೂಟಗಳು ಎಡವುವುದು 990ರಲ್ಲಿ, ಅಂದರೆ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್‌ನಲ್ಲಿ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದಿದ್ದರೆ ಪುಟ್ಟ 990-ಎನ್ ಸಾಕು. ಆದರೆ ಪದಾಧಿಕಾರಿಗಳು ಬದಲಾಗುತ್ತಾರೆ, ಹೊಸಬರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಸತತ ಮೂರು ವರ್ಷ ತಪ್ಪಿದರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ ಅನ್ನುವ ಮಾನ್ಯತೆಯೇ ಇಲ್ಲದ ಗುಂಪಾದರೆ, ಮಾನ್ಯತೆ ಇರುವ ಸಂಸ್ಥೆಯೊಂದನ್ನು ಫಿಸ್ಕಲ್ ಸ್ಪಾನ್ಸರ್ ಆಗಿ (ನಿಮ್ಮ ಪರವಾಗಿ ಹಣ ಪಡೆದು ಲೆಕ್ಕ ಇಡಲು) ಹಿಡಿಯಬೇಕು.

ಇನ್ನು ಬಜೆಟ್. ನಾನು ಎಲ್ಲಕ್ಕಿಂತ ಮೊದಲು ಓದುವುದು ಇದನ್ನೇ. ಒಂದು ಉದಾಹರಣೆ ನೋಡಿ. ಊರಿಂದ ಬಂದು ಮಕ್ಕಳ ಜೊತೆ ನೆಲೆಸಿದ ಅಪ್ಪ ಅಮ್ಮಂದಿರಿಗೆ ಕಾರು ಓಡಿಸಲು ಬರುವುದಿಲ್ಲ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಮನೆಯಲ್ಲೇ ಕೂರುತ್ತಾರೆ. ಅವರಿಗಾಗಿ ವಾರಕ್ಕೊಂದು ದಿನ ಸೇರುವ ವ್ಯವಸ್ಥೆ ಮಾಡುತ್ತೇವೆ ಅಂತ ಕೂಟದವರು ಬರೆಯುತ್ತಾರೆ. ತುಂಬಾ ಬೇಕಾದ ಕೆಲಸ ಅದು. ಆದರೆ ಬಜೆಟ್‌ನಲ್ಲಿ ಸೌಂಡ್ ಸಿಸ್ಟಂ, ಸ್ಟೇಜ್ ಅಲಂಕಾರ, ಊಟ! ಅರ್ಜಿ ಓದುವವರು ನಂಬುವುದು ಲೆಕ್ಕವನ್ನು. ಅಲ್ಲಿ ಇರಬೇಕಾದದ್ದು ಹಿರಿಯರನ್ನು ಮನೆಯಿಂದ ಕರೆತರುವ ವ್ಯಾನ್, ಹಾಲ್ ಬಾಡಿಗೆ, ಇನ್ಶೂರೆನ್ಸ್, ಬಿಪಿ ನೋಡುವ ನರ್ಸ್‌ಗೆ ಕೊಡುವ ಹಣ. ಸ್ವಯಂಸೇವಕರ ಗಂಟೆಗಳನ್ನು ಸುಮ್ನೆ ಬಿಟ್ಟುಬಿಡಬೇಡಿ, ಅದೂ ನಿಮ್ಮ ಕಡೆಯ ಪಾಲು, ಬೇರೆ ಸಾಲಿನಲ್ಲಿ ತೋರಿಸಿ. ಅಕ್ಕಪಕ್ಕದ ತಮಿಳು, ಪಂಜಾಬಿ ಅಜ್ಜ ಅಜ್ಜಿಯರೂ ಬರಬಹುದು ಅಂತಾದರೆ ಅದನ್ನು ಬರೆಯಿರಿ. ಇಡೀ ಕೌಂಟಿಗೆಂದು ಇಟ್ಟ ಹಣ ಅಲ್ವಾ, ಬಾಗಿಲು ಯಾರಿಗೆಲ್ಲ ತೆರೆದಿದೆ ಅಂತ ಅವರು ಕೇಳಿಯೇ ಕೇಳುತ್ತಾರೆ.

ಅರ್ಜಿ ತಿರಸ್ಕಾರವಾದರೆ ಬೇಜಾರು ಮಾಡಿಕೊಂಡು ಸುಮ್ಮನಾಗಬೇಡಿ. ಕಾರಣ ಏನು ಅಂತ ಫೋನ್ ಮಾಡಿ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟು, ಮುಂದಿನ ವರ್ಷದ ಕಾರ್ಯದರ್ಶಿಗೆ 990ರ ವಿವರಗಳ ಜೊತೆ ಕೊಡಿ.