ಕಾಲಲ್ಲೇ ಬ್ರೇಕ್ ಹಾಕುವ ಸೈಕಲ್ ಮಲೆನಾಡಿಗೆ ಆಗುತ್ತಾ?

ಮಳೆಗಾಲ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ. ‘ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ ನೋಡಿದೆ ಸಾರ್, ಮಗನಿಗೆ ತಗೊಳ್ಳಲಾ? ಮಳೇಲೂ ಹಿಡಿಯುತ್ತಂತೆ, ಮುಂದಿನ ಬ್ರೇಕೇ ಬೇಡವಂತೆ.’

ಮಳೆಯಲ್ಲಿ ಹಿಡಿಯುತ್ತದೆ, ಅದು ನಿಜ. ಹೀಗೆ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕಿಗೆ ಕೋಸ್ಟರ್ ಬ್ರೇಕ್ ಅಂತಾರೆ. ಅದು ಇರುವುದು ಹಿಂದಿನ ಚಕ್ರದ ಹಬ್, ಅಂದರೆ ಚಕ್ರದ ನಡುಭಾಗದ ಒಳಗೆ, ಹಾಗಾಗಿ ರಿಮ್ ಒದ್ದೆಯಾದರೂ ಕೆಸರಾದರೂ ಅದಕ್ಕೇನೂ ಆಗಲ್ಲ. ಕೇಬಲ್ ಇಲ್ಲ, ಪುಟ್ಟ ಕೈಯಲ್ಲಿ ಲಿವರ್ ಒತ್ತುವ ಕಷ್ಟವೂ ಇಲ್ಲ. ಶಿವಮೊಗ್ಗ ಪೇಟೆಯ ಸಮತಟ್ಟು ರಸ್ತೆಗೆ ಒಳ್ಳೆಯದೇ.

ಆದರೆ ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀವಿ, ಹಿಂದಿನದೊಂದಿದ್ರೆ ಸಾಕು ಅನ್ನೋದು ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಬ್ರೇಕ್ ಹಾಕಿದ ತಕ್ಷಣ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಎಷ್ಟು ಒತ್ತಿದರೂ ಬರೀ ಜಾರುತ್ತದೆ. ಒಣ ಟಾರು ರಸ್ತೆಯಲ್ಲಿ ಹಿಂದಿನ ಬ್ರೇಕ್ ಒಂದರಲ್ಲೇ ನಿಲ್ಲಲು ಬೇಕಾದ ದೂರದ ಸುಮಾರು ಅರ್ಧದಲ್ಲೇ ಮುಂದಿನದು ನಿಲ್ಲಿಸುತ್ತದೆ. ಇಳಿಜಾರಿನಲ್ಲಿ ಹಿಂದಿನ ಚಕ್ರ ಇನ್ನೂ ಹಗುರ. ಪಲ್ಟಿ ಆಗುವುದು ಗಾಬರಿಯಲ್ಲಿ ಒಮ್ಮೆಲೇ ಬಿಗಿ ಹಿಡಿದಾಗ, ಮೈ ಮುಂದಕ್ಕೆ ವಾಲಿದಾಗ. ತೋಳು ಗಟ್ಟಿ ಮಾಡಿ, ಸೊಂಟ ಹಿಂದಕ್ಕೆ ಸರಿಸಿ, ನಿಧಾನವಾಗಿ ಒತ್ತುವುದನ್ನು ಮಗುವಿಗೆ ಖಾಲಿ ಮೈದಾನದಲ್ಲಿ ಕಲಿಸಿ. ಪಾಚಿ ಕಟ್ಟಿದ ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ, ಅದೂ ನಿಜವೇ, ಅದಕ್ಕೇ ತಿರುವಿಗೆ ಮುಂಚೆ, ನೇರ ರಸ್ತೆ ಇರುವಾಗಲೇ ವೇಗ ಇಳಿಸಬೇಕು.

ಇನ್ನು ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೋ, ಹುಲಿಕಲ್ ಕೆಳಗೋ ಬರೀ ಕೋಸ್ಟರ್ ಬ್ರೇಕ್ ನಂಬಿ ಇಳಿಯಲೇಬೇಡಿ. ತಿಕ್ಕಾಟದ ಬಿಸಿಯೆಲ್ಲ ಆ ಪುಟ್ಟ ಹಬ್ ಒಳಗೇ ಉಳಿದು ಗ್ರೀಸ್ ಸುಟ್ಟು ಹೋಗುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಹಳೇ ಸೈಕಲ್‌ಗಳಲ್ಲಿ ಗುಡ್ಡ ಇಳಿಯುತ್ತಿದ್ದವರು ಒಂದು ಸಲ ಇಳಿದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಾಗುತ್ತಿತ್ತು, ಆ ದಾರಿಗೆ ‘ರೀಪ್ಯಾಕ್’, ಅಂದರೆ ಮತ್ತೆ ತುಂಬು, ಅಂತಲೇ ಹೆಸರು ಬಿತ್ತು. ಚೈನ್ ಕಳಚಿದರಂತೂ ಈ ಬ್ರೇಕ್ ಇಲ್ಲವೇ ಇಲ್ಲ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತರಲೂ ಆಗಲ್ಲ. ತಗೊಳ್ಳಿ, ಆದರೆ ಮುಂದೆ ಒಂದು ಕೈ ಬ್ರೇಕ್ ಇರಲೇಬೇಕು.

ಯಾರೂ ಕೇಳದ ಇನ್ನೊಂದು ವಿಷಯ, ರಿಮ್ಮು. ಮಳೆಯಲ್ಲಿ ಬ್ರೇಕ್ ಹಿಡಿಯಲ್ಲ ಅಂತ ಬೈಯುವವರ ಸೈಕಲ್ ನೋಡಿದರೆ ಎಷ್ಟೋ ಸಲ ಹೊಳೆಯುವ ಸ್ಟೀಲ್ ರಿಮ್ ಇರುತ್ತದೆ. ಕೈ ಬ್ರೇಕಿನ ರಬ್ಬರ್ ಹಿಡಿಯುವುದು ರಿಮ್ಮನ್ನೇ; ಒದ್ದೆಯಾದ ಸ್ಟೀಲ್ ಮೇಲೆ ಅದು ಬರೀ ಜಾರುತ್ತದೆ, ಅಲ್ಯೂಮಿನಿಯಂ ಮೇಲೆ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಶಾಪಿಗೆ ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ರಿಮ್‌ಗೆ ಅಂಟಿದರೆ ಅದು ಸ್ಟೀಲು.