ಆಕ್ಸಲಾಟಲ್ ಮರಿಗೆ ಹುಬ್ಬಳ್ಳಿ ಬ್ಯಾಸಿಗಿ

ಆಕ್ಸಲಾಟಲ್ ಮರಿ ನೋಡಾಕ ಭಾಳ ಮುದ್ದು ಇರ್ತಾವ, ಒಪ್ಪತೀನಿ, ಆದ್ರ ಮನಿಗೆ ತರೂಕಿಂತ ಮದ್ಲ ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದ್ ಬಕೆಟ್ ನೀರಿನಾಗ ಥರ್ಮಾಮೀಟರ್ ಇಟ್ಟು ನೋಡ್ರಿ. ಹೊರಗ 37-38 ಡಿಗ್ರಿ ಇದ್ದಾಗ ಒಳಗಿನ ನೀರೂ 28ರ ಹತ್ರ ಬಂದಿರತೈತಿ. ಈ ಪ್ರಾಣಿಗೆ ಬೇಕಾಗಿದ್ದು 16ರಿಂದ 18, ಮತ್ತ 24 ದಾಟಿತಂದ್ರ ಅದಕ್ಕ ಸಂಕಟ ಶುರು. ಇದು ಮೀನಲ್ಲ, ಕಪ್ಪಿಯಂಗ ಉಭಯವಾಸಿ, ಹಲ್ಲಿಯಂಗ ಕಾಣೋ ಸಲಮಾಂಡರ್ ಜಾತಿ. ತವರು ಮೆಕ್ಸಿಕೊ ಸಿಟಿ ಹತ್ರದ ಸೊಚಿಮಿಲ್ಕೊ ಕೆರಿ, 2,200 ಮೀಟರ್ ಎತ್ತರದಾಗ. ನಾವು ಧಾರವಾಡ ತಂಪು ಅಂತೀವಲ್ಲ, ಅದು ಬರೇ 700 ಚಿಲ್ಲರೆ ಮೀಟರ್!

ನೀರು ಬಿಸಿ ಆದ್ರ ಏನಾಗತೈತಿ ಅಂದ್ರ, ಮರಿ ಮೈಯಾಗಿನ ಕೆಲಸ ಜೋರಾಗಿ ಆಕ್ಸಿಜನ್ ಜಾಸ್ತಿ ಬೇಕಾಗತೈತಿ, ಆದ್ರ ಬಿಸಿ ನೀರಿನಾಗ ಆಕ್ಸಿಜನ್ ಕರಗೂದ ಕಮ್ಮಿ. ಅದರ ಜೋಡಿ ಹೇಲು, ಉಳಿದ ಹುಳ ಕೊಳತು ಅಮೋನಿಯಾ ಹುಟ್ಟತೈತಿ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) 7 ಇದ್ದದ್ದು 8 ಆದ್ರ ಅಮೋನಿಯಾದಾಗಿನ ವಿಷದ ಪಾಲು ಹತ್ರಹತ್ರ ಹತ್ತು ಪಟ್ಟು ಏರತೈತಿ, ಬಿಸಿ ಅದನ್ನ ಇನ್ನೂ ಏರಸತೈತಿ, ಹಂಗಾಗಿ ಬೋರ್ ನೀರು ಹಾಕೋರು ಪಿಎಚ್ ಚೆಕ್ ಮಾಡೂದು ಛಲೋ. ತಲಿ ಪಕ್ಕ ಹೊರಗ ಚಾಚಿರೋ ಕಿವಿರು ಸುಟ್ಟಂಗ ಆಗತಾವ, ಅವುಗಳ ಮ್ಯಾಲ ಬೆಳ್ಳನ ನಾರಿನಂಗ ಫಂಗಸ್ ಬರತೈತಿ. ಎಲ್ಲಾರೂ ಆವಾಗ ಔಷಧ ಹುಡಕತಾರ. ನನ್ನ ಕೇಳಿದ್ರ ಮದ್ಲ ನೀರು ಟೆಸ್ಟ್ ಮಾಡ್ರಿ, ಅಮೋನಿಯಾ ಮತ್ತ ನೈಟ್ರೈಟ್ ಎರಡೂ ಸೊನ್ನೆ ಇರ್ಬೇಕು, ಮರಿನ ಸ್ವಚ್ಛ ತಂಪು ನೀರಿಗೆ ಬಿಡ್ರಿ. ಉಪ್ಪಿನ ಸ್ನಾನ ದೊಡ್ಡವಕ್ಕ ಸರಿ, ಸಣ್ಣ ಮರಿಗೆ ಬ್ಯಾಡ, ಅದರ ಚರ್ಮ ಭಾಳ ಮೆತ್ತಗ ಇರತೈತಿ.

ಹೊಸ ಟ್ಯಾಂಕಿಗೆ ನೀರು ತುಂಬಿ ಅವತ್ತ ಮರಿ ಬಿಡಬ್ಯಾಡ್ರಿ. ಅಮೋನಿಯಾನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರ್‌ನ್ಯಾಗ ಕೂಡಾಕ ನಾಕರಿಂದ ಆರು ವಾರ ಬೇಕು. ಅಲ್ಲೀ ತನಕ, ಅಥವಾ ಮರಿ ಭಾಳ ಸಣ್ಣದಿದ್ರ, ಪ್ಲಾಸ್ಟಿಕ್ ಟಬ್ಬಿನಾಗ ಇಟ್ಟು ದಿನಾ ಪೂರ್ತಿ ನೀರು ಬದಲಸೂದು ಬೆಸ್ಟ್. ನಳದ ನೀರಿನ ಕ್ಲೋರಿನ್‌ಗೆ ಡಿಕ್ಲೋರಿನೇಟರ್ ಹಾಕ್ರಿ, ಹೊಸ ನೀರೂ ಅಷ್ಟ ತಂಪಿರಬೇಕು.

ಮರಿಗೋಳು ಕಣ್ಣ ಮುಂದ ಅಲ್ಲಾಡಿದ್ದಕ್ಕೆಲ್ಲಾ ಬಾಯಿ ಹಾಕತಾವ, ಜೋಡಿ ಇದ್ದ ಮರಿ ಕಾಲೂ ಬಿಡಂಗಿಲ್ಲ. ಕಾಲು ತಿರುಗಿ ಬೆಳೀತೈತಿ, ಅದು ಇವುಗಳ ಫೇಮಸ್ ಗುಣ, ಆದ್ರ ಹೊಲಸ ನೀರಿನಾಗ ಆ ಗಾಯಕ್ಕ ಫಂಗಸ್ ಹತ್ತತೈತಿ, ಬ್ಯಾರೆಬ್ಯಾರೆ ಇಡ್ರಿ. ಕಲ್ಲು ಗ್ರಾವೆಲ್ಲಂತೂ ಬ್ಯಾಡವೇ ಬ್ಯಾಡ, ನುಂಗಿ ಹೊಟ್ಟಿ ಕಟ್ಟತೈತಿ. ಎರೆಹುಳ ಒಳ್ಳೇ ಆಹಾರ, ಸಣ್ಣ ತುಂಡು ಮಾಡಿ ಕೊಡ್ರಿ, ಆದ್ರ ಬ್ಯಾಡಗಿ ಕಡೆ ಕೀಟನಾಶಕದ ಎಣ್ಣಿ ಹೊಡದ ಮೆಣಸಿನಕಾಯಿ ಹೊಲದಾಗಿಂದು ಮಾತ್ರ ತರಬ್ಯಾಡ್ರಿ. ಕಿವಿರು ಮುಂದಕ್ಕ ಬಾಗಿದ್ರ, ಬಾಲದ ತುದಿ ಸುರುಳಿ ಸುತ್ತಿದ್ರ ಫಿಲ್ಟರ್ ಹರಿವು ಜೋರೈತೋ ನೀರು ಕೆಟ್ಟೈತೋ ನೋಡ್ರಿ.

ತಂಪಿನ ಮಾತಿಗೆ ಬಂದ್ರ, ನೀರು ತಂಪು ಮಾಡೋ ಯಂತ್ರ, ಅಂದ್ರ ಚಿಲ್ಲರ್, ತುಟ್ಟಿ. ನಮ್ಮ ಕಡೆ ಬ್ಯಾಸಿಗಿ ಒಣ ಹವಾ ಇರೂದ್ರಿಂದ ನೀರಿನ ಮ್ಯಾಲ ಫ್ಯಾನ್ ಬಿಟ್ರ ಮಣ್ಣಿನ ಕೊಡದಂಗ ಆವಿ ಆಗಿ ನಾಕೈದು ಡಿಗ್ರಿ ತನಕ ಇಳೀಬಹುದು, ಮಂಗಳೂರಿನ ಸೆಕಿಯೊಳಗ ಇಷ್ಟು ಇಳಿಯಂಗಿಲ್ಲ. ಐಸ್ ಬಾಟಲಿ ಬಿಡೂದು ಕರೆಂಟ್ ಹೋದಾಗಿನ ಕೆಲಸ, ಒಮ್ಮೆಲೆ ಜಾಸ್ತಿ ಹಾಕಿ ಟೆಂಪರೇಚರ್ ಧಡ್ ಅಂತ ಇಳಿಸಬಾರದು. ಖರೇ ಹೇಳ್ಬೇಕಂದ್ರ ಚಿಲ್ಲರ್ ಇಲ್ಲದ ಮನ್ಯಾಗ ಮಾರ್ಚ್‌ದಿಂದ ಮೇ ತನಕ ಇದನ್ನ ಸಾಕೂದು ಕಷ್ಟದ ಕೆಲಸ.

ಇನ್ನೊಂದು, ಆಕ್ಸಲಾಟಲ್ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯೊಳಗ ಐತಿ, ಅದಕ್ಕ ನಮ್ಮ ದೇಶದ ಕಾನೂನು ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಣಿ ಮಾಡಸಬೇಕು. ಅಂಗಡ್ಯಾವರು ಹೇಳಂಗಿಲ್ಲ, ಕಾಗದ ನೀವ ಕೇಳಿ ಇಸಗೋರಿ.